ಏನೂ ಬೇಡ ಎಂದವಳು

ಪರೀಕ್ಷೆಯಲ್ಲಿ ‘ಯಾವ ರೋಗಿಯನ್ನು ಮೊದಲು ನೋಡುವಿರಿ?’ ಎಂಬ ಪ್ರಶ್ನೆಗೆ ಸುಮಿತಾ ಹತ್ತಕ್ಕೆ ಹತ್ತು ಅಂಕ ತೆಗೆದಿದ್ದಳು. ಉಸಿರು ಮೊದಲು, ರಕ್ತ ಆಮೇಲೆ, ನೋವು ಅದರ ನಂತರ, ಹಾಸಿಗೆ ಬಟ್ಟೆ ಕೊನೆಗೆ. ಬರೆಯುವುದಕ್ಕೇನು, ಸುಲಭ. ಉತ್ತರಪತ್ರಿಕೆಯೊಳಗಿನ ರೋಗಿಗಳು ಕೂಗುವುದಿಲ್ಲವಲ್ಲ!

೧೯೮೯ರ ಮಳೆಗಾಲದಲ್ಲಿ ಅವಳು ಅಂಕೋಲೆಯ ಒಂದು ಪುಟ್ಟ ಧರ್ಮಾಸ್ಪತ್ರೆಗೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಅರ್ಗಾ ಎಂಬ ಹಳ್ಳಿಯ ಹುಡುಗಿ, ಮನೆಯಲ್ಲಿ ಮೊದಲ ಸಂಬಳದವಳು. ಹೆಂಗಸರ ವಾರ್ಡಿನಲ್ಲಿ ಎಂಟು ಮಂಚ, ಎಂಟಕ್ಕೂ ಅವಳೊಬ್ಬಳೇ. ಹತ್ತು ಗಂಟೆಗೆ ಡಾಕ್ಟರ ರೌಂಡು. ಅಷ್ಟರೊಳಗೆ ಎಲ್ಲ ಒಪ್ಪವಾಗಿರಬೇಕೆಂದು ಹಿರಿಯ ನರ್ಸ್ ಕಲಾವತಿ ಬೆಳಿಗ್ಗೆಯೇ ತಾಕೀತು ಮಾಡಿದ್ದರು.

ಕಿಟಕಿ ಪಕ್ಕದ ಮಂಚದಲ್ಲಿ ಲಲಿತಾಬಾಯಿ, ಬ್ಯಾಂಕಿನ ಗುಮಾಸ್ತರ ಹೆಂಡತಿ. ಅಪೆಂಡಿಕ್ಸ್ ತೆಗೆಸಿ ನಾಲ್ಕನೇ ದಿನ. ಹೊಲಿಗೆ ಚೆನ್ನಾಗಿ ಒಣಗುತ್ತಿತ್ತು. ಗಂಟಲಿಗಂತೂ ಯಾವ ಕಾಯಿಲೆಯೂ ಇರಲಿಲ್ಲ.

“ಸಿಸ್ಟರ್, ಈ ದಿಂಬು ಗಂಟ್ ಗಂಟಾಗ್ಯದೆ. ಚಾದರ ಬದಲಿ ಮಾಡೂಕೆ ಹೇಳಿ ಎಷ್ಟೊತ್ತಾಯ್ತು? ಡಾಕ್ಟರು ಬಂದ್ಮೇಲೆ ಮಾಡೂದಾ?”

“ಬಂದೆ ಬಾಯಿ, ಬಂದೆ.”

ಮೂರನೇ ಮಂಚದಲ್ಲಿ ಬೊಬ್ರುವಾಡದ ನಾಗಿ ಇದ್ದಳು. ಗದ್ದೆ ಕೂಲಿಯವಳು. ಬೆಳಗಾಗುವ ಹೊತ್ತಿಗೆ ಹೆತ್ತಿದ್ದಳು, ಮೂರನೆಯದು, ಹೆಣ್ಣು. ಅವಳ ಅತ್ತೆ ಬಟ್ಟೆ ತೊಳೆಯಲು ಬಾವಿಕಟ್ಟೆಗೆ ಹೋಗಿದ್ದಳು.

“ಹ್ಯಾಂಗಿದ್ದೆ ನಾಗಿ? ಏನಾರೂ ಬೇಕಾ?” ಹಾದುಹೋಗುತ್ತಾ ಸುಮಿತಾ ಕೇಳಿದಳು.

“ಏನೂ ಬ್ಯಾಡ ಅಕ್ಕೋರೆ. ಒಂಚೂರು ನೀರು ಕೊಟ್ರೆ ಸಾಕು.”

ನೀರು ಕೊಟ್ಟಳು. ಚಾದರದ ಮೇಲೆ ಕಣ್ಣಾಡಿಸಿದಳು. ಬೆಳ್ಳಗಿತ್ತು, ಒಂದು ಕಲೆಯಿಲ್ಲ. ಬಾಣಂತಿಯ ಹೊಟ್ಟೆ ಮುಟ್ಟಿ ನೋಡಬೇಕೆಂದು ಅವಳಿಗೆ ಗೊತ್ತಿತ್ತು. ಆದರೆ ಕಿಟಕಿ ಕಡೆಯಿಂದ ಮತ್ತೆ ಕೂಗು ಬಂತು, ಕಾಲು ಅತ್ತ ಎಳೆಯಿತು. ಕಾಲು ಗಂಟೆ ಬಿಟ್ಟು ನಾಗಿ ಮತ್ತೆ ನೀರು ಕೇಳಿದಳು. ಮತ್ತೆ ಕೊಟ್ಟಳು. ಎಂಥ ಒಳ್ಳೆಯ ರೋಗಿ, ಒಂದು ಕಿರಿಕಿರಿ ಇಲ್ಲ ಎಂದುಕೊಂಡಳು.

ಲಲಿತಾಬಾಯಿಯ ದಿಂಬಿನ ಗೌಸು ಹಿಡಿದು ಹೊರಟಾಗ ನಾಗಿ ದೊಡ್ಡದಾಗಿ ಆಕಳಿಸಿದಳು. ಕೂಡಲೇ ಇನ್ನೊಂದು ಆಕಳಿಕೆ. “ಚಳಿ ಅಕ್ಕೋರೆ,” ಎಂದು ಮೆಲ್ಲಗೆ ಹೇಳಿ ನೀರಿನ ಲೋಟದತ್ತ ನೋಡಿದಳು.

ಸುಮಿತಾ ನಿಂತುಬಿಟ್ಟಳು. ಮೂರನೇ ಸಲ ನೀರು. ಆಕಳಿಕೆ, ಚಳಿ. ಕೈ ಹಿಡಿದರೆ ತಣ್ಣಗೆ, ಬೆವರಿತ್ತು. ನಾಡಿ ಓಡುತ್ತಿತ್ತು. ಹೊದಿಕೆ ಸರಿಸಿ ನೋಡಿದಳು. ನಾಗಿ ತನ್ನ ಎರಡು ಹಳೇ ಸೀರೆಗಳನ್ನು ದಪ್ಪಗೆ ಮಡಚಿ ಸೊಂಟದಡಿ ಇಟ್ಟುಕೊಂಡಿದ್ದಳು. ಎರಡೂ ರಕ್ತದಲ್ಲಿ ತೊಯ್ದು ತೊಪ್ಪೆಯಾಗಿದ್ದವು.

“ಇದೆಂತಾ ಮಾಡ್ಕೊಂಡೆ ನಾಗಿ!”

“ಬಿಳಿ ಚಾದರ ಅಲ್ದಾ ಅಕ್ಕೋರೆ, ಕಲೆ ಆದ್ರೆ ನಿಮ್ಗೇ ತ್ರಾಸು.”

ಸುಮಿತಾಗೆ ಅಳು ಬಂತು, ಆದರೆ ಅದಕ್ಕೆ ಹೊತ್ತಿರಲಿಲ್ಲ. ಹೊಕ್ಕುಳ ಕೆಳಗೆ ಕೈಯಿಟ್ಟಳು. ಹೆರಿಗೆಯ ನಂತರ ಗಟ್ಟಿಯಾಗಿರಬೇಕಾದ ಗರ್ಭಕೋಶ ಕಲಸಿದ ಹಿಟ್ಟಿನಂತೆ ಮೆತ್ತಗಿತ್ತು. ಕೈ ಎತ್ತದೆ ಉಜ್ಜುತ್ತಲೇ ಬಾಗಿಲಿನ ಕಡೆ ತಿರುಗಿ ಕೂಗಿದಳು: “ಕಲಾವತಿ ಸಿಸ್ಟರ್! ಡಾಕ್ಟರಿಗೆ ಹೇಳಿ, ನಾಗಿಗೆ ರಕ್ತ ಹೋಗ್ತದೆ!”

“ಅಯ್ಯ, ನನ್ನ ಚಾದರ?” ಎಂದರು ಲಲಿತಾಬಾಯಿ.

“ನೀವು ಆರಾಮಿದ್ರಿ ಬಾಯಿ. ಇವ್ಳು ಆರಾಮಿಲ್ಲ.”

ಕಲಾವತಿ ಓಡಿ ಬಂದು ರಕ್ತ ತಲೆಗೆ ಹರಿಯಲೆಂದು ಮಂಚದ ಕಾಲ್ದೆಸೆ ಎತ್ತಿ ಅಡಿಗೆ ಇಟ್ಟಿಗೆ ಕೊಟ್ಟರು. ಡಾಕ್ಟರು ಬಂದರು, ಇಂಜೆಕ್ಷನ್ ಕೊಟ್ಟರು, ಎರಡೂ ಕೈಗೆ ಸಲೈನ್ ಏರಿತು. ತೊಟ್ಟಿಲಲ್ಲಿ ಕೂಸು ಕಿರುಚತೊಡಗಿತು, ಎತ್ತಿಕೊಳ್ಳಲು ಯಾರ ಕೈಯೂ ಬಿಡುವಿರಲಿಲ್ಲ. ಹೊಲಿಗೆ ಒತ್ತಿಹಿಡಿದು ಎದ್ದವರು ಲಲಿತಾಬಾಯಿ. ನರ್ಸುಗಳ ಕುರ್ಚಿಯಲ್ಲಿ ಕೂತು ಕೂಸನ್ನು ಮಡಿಲಿಗೆ ಹಾಕಿಕೊಂಡು ಕೊಂಕಣಿಯಲ್ಲಿ ಏನೋ ಗುನುಗಿದರು. ದಿಂಬಿನ ಮಾತು ಆಮೇಲೆ ಬರಲೇ ಇಲ್ಲ.

ಹನ್ನೊಂದರ ಹೊತ್ತಿಗೆ ಸುಮಿತಾಳ ಅಂಗೈಯಡಿ ಗರ್ಭಕೋಶ ಬಿಗಿಯಿತು. ರಕ್ತ ನಿಂತಿತು. ನಾಗಿಯ ತುಟಿಗೆ ನಿಧಾನವಾಗಿ ಬಣ್ಣ ಬಂತು.

ಸ್ನಾನದ ಕೋಣೆಯಲ್ಲಿ ಸುಮಿತಾ ಬಿಕ್ಕಿ ಬಿಕ್ಕಿ ಅತ್ತಳು. ಕಲಾವತಿ ಬಾಗಿಲಲ್ಲಿ ನಿಂತರು. ಅವರು ಮುದ್ದು ಮಾಡುವ ಜಾತಿಯವರಲ್ಲ.

“ಮೊದಲ್ನೇ ಸಲ ನೀರು ಕೇಳ್ದಾಗ್ಲೇ ಹೊಟ್ಟೆ ಮುಟ್ಟಬೇಕಿತ್ತು.”

“ಹೌದು. ಚಾದರ ನೋಡ್ದೆ ಸಿಸ್ಟರ್, ಅವ್ಳನ್ನ ನೋಡ್ಲಿಲ್ಲ.”

“ಮೂರನೇ ಸಲಕ್ಕೆ ನೋಡ್ದೆ. ಅದ್ಕೇ ಅವ್ಳು ಇದ್ದಾಳೆ. ಮುಖ ತೊಳಿ, ನಾಡಿ ನೋಡೂಕೆ ಹೊತ್ತಾಯ್ತು.”

ಐದನೇ ದಿನ ಬೆಳಿಗ್ಗೆ, ಕೊನೆಯ ಮಂಚದಲ್ಲಿದ್ದ ದಮ್ಮಿನ ಕಾಯಿಲೆಯ ಗೋದಾವರಿಯಜ್ಜಿಗೆ ಉಸಿರು ಕಟ್ಟಿತ್ತು. ಸುಮಿತಾ ಅವಳನ್ನು ಎತ್ತಿ ಕೂರಿಸುತ್ತಿದ್ದಾಗ ಮೂರನೇ ಮಂಚದಿಂದ ಗಂಟಲು ಎದ್ದಿತು.

“ಅಕ್ಕೋರೇ! ಗಂಜಿ ಆರಿ ತಣ್ಣಗಾಗ್ಯದೆ. ಇದ್ನ ಯಾರು ಉಣ್ಣೂದು? ಬಿಸಿ ಮಾಡ್ಕೊಡೂಕೆ ಯಾರೂ ಇಲ್ವಾ ಇಲ್ಲಿ?”

ಇಡೀ ವಾರ್ಡಿಗೆ ಕೇಳುವ ಸ್ವರ. ಸುಮಿತಾಗೆ ಎದೆ ತುಂಬಿ ಬಂತು. ತಿರುಗಿ ನೋಡಿದಳು, ನಾಗಿಯ ಮುಖ ಕೆಂಪಾಗಿತ್ತು, ಕಣ್ಣು ಚುರುಕಾಗಿತ್ತು, ಸಿಟ್ಟೂ ಬಂದಿತ್ತು.

“ಕಾಯ್ಬೇಕು ನಾಗಿ!” ಎಂದಳು.

ನಾಗಿಯ ಗೊಣಗಾಟ ಇನ್ನೂ ಜೋರಾಯಿತು. ಸುಮಿತಾ ಅಜ್ಜಿಯ ಬೆನ್ನಿಗೆ ಇನ್ನೊಂದು ದಿಂಬು ಕೊಟ್ಟು, ಅವಳ ಉಸಿರು ಹದಕ್ಕೆ ಬರುವವರೆಗೆ, ನಗುನಗುತ್ತಾ ನಾಗಿಯನ್ನು ಕಾಯಿಸಿದಳು.