ಅಪ್ಪ ಹೇಳಿದ ಕಾವಲು

ಗೋಡೆಯ ಆ ಕಡೆಯಿಂದ, ಫೋನಿನ ಸ್ಪೀಕರಿನಲ್ಲಿ, ಅಪ್ಪನ ನಗು ಕೇಳಿಸಿತು. ವೇದಾವತಿ ಒಗ್ಗರಣೆ ಸೌಟು ಹಿಡಿದು ಹಾಗೇ ನಿಂತಳು. ಡಬ್ಲಿನ್ನಿನ ಟಾಲಾ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅವಳು ಕೋವಿಡ್ ವಾರ್ಡಿನ ಪಾಳಿ ಮುಗಿಸಿ ಊರಿಗೆ ಫೋನ್ ಮಾಡಿದರೆ ಅಪ್ಪ ರಾಮಲಿಂಗಪ್ಪನದು ಮೂರೇ ಮಾತು: "ಉಂಡ್ಯಾ? ಮಾಸ್ಕ್ ಹಾಕ್ಕಂಡಿದೀಯಾ? ಹುಷಾರವ್ವ." ಅದೇ ಮನುಷ್ಯ ಈಗ ಅದೇ ಮನೆಯ ಪಕ್ಕದ ಕೋಣೆಯಲ್ಲಿದ್ದ ಬಿಂದುಶ್ರೀಯ ಜೊತೆ ಒಂದು ಗಂಟೆಯಿಂದ ಹರಟುತ್ತಿದ್ದ.

ಇದಕ್ಕೆ ದಾರಿ ಮಾಡಿಕೊಟ್ಟವಳು ವೇದಾವತಿಯೇ. ಹಿಂದಿನ ಬೇಸಿಗೆಯಲ್ಲಿ ಲಾಕ್‌ಡೌನ್ ಸಡಿಲವಾದಾಗ ಅವಳೂ ಬಿಂದುಶ್ರೀಯೂ ಡಬ್ಲಿನ್ನಿನ ಹತ್ತಿರದ ವಿಕ್ಲೋ ಬೆಟ್ಟಕ್ಕೆ ಹೋಗಿದ್ದರು. ಅಲ್ಲಿ ಸೇನೆಯವರು ಗುಂಡು ಹಾರಿಸಿ ಅಭ್ಯಾಸ ಮಾಡುವ ಬಯಲೊಂದಿತ್ತು. ಆ ದಿನ ಗುಂಡು ಹಾರಿಸುವುದಿಲ್ಲವೆಂದು ಬಾವುಟ ಇಳಿಸಿದ್ದರು. ಹುಲ್ಲಿನಲ್ಲಿ ಯಾರದೋ ಕುರಿಗಳು ನೆಮ್ಮದಿಯಾಗಿ ಮೇಯುತ್ತಿದ್ದವು. ಆ ಕುರಿಗಳ ಮೇಲೂ ವೇದಾವತಿಗೆ ಹೊಟ್ಟೆಕಿಚ್ಚಾಯಿತು.

"ನಮ್ಮ ಬೋರನಕಟ್ಟೆ ಕಾವಲನ್ನೂ ಮಿಲಿಟ್ರಿಗೇ ಕೊಟ್ರು," ಎಂದಿದ್ದಳು. "ನಮ್ಮೋರು ತಲೆತಲಾಂತರದಿಂದ ದೇವರಿಗೆ ಬಿಟ್ಟ ದನ ಮೇಯಿಸ್ತಿದ್ದ ಹುಲ್ಲುಗಾವಲು. ನನಗಾಗ ಆರು ವರ್ಷ. ಸುತ್ತ ಗೋಡೆ ಎದ್ಮೇಲೆ ನಮ್ಮನ್ನ ಒಳಗೇ ಬಿಡ್ಲಿಲ್ಲ."

ಬೆಂಗಳೂರಿನಿಂದ ಎಂ.ಎ. ಓದಲು ಬಂದಿದ್ದ ಬಿಂದುಶ್ರೀ ಅದನ್ನೇ ತನ್ನ ಪ್ರಬಂಧಕ್ಕೆ ಎತ್ತಿಕೊಂಡಳು: ಮೂಲನಿವಾಸಿಗಳ ನೆಲ ಸೇನೆಗಳ ಪಾಲಾದ ಚರಿತ್ರೆ. ಒಂದೆರಡು ವಿವರ ಖಚಿತ ಮಾಡಿಕೊಳ್ಳಬೇಕೆಂದು ಅಪ್ಪನ ನಂಬರು ಇಸಿದುಕೊಂಡವಳು ಈಗ ವಾರಕ್ಕೆರಡು ಸಲ "ಅಪ್ಪಾಜಿ" ಎನ್ನುತ್ತ ಕೂತುಬಿಡುತ್ತಿದ್ದಳು.

"ಅಕ್ಕಾ, ಕಾವಲಿನ ಹಳೇ ಫೋಟೊ ಏನಾದ್ರೂ ನಿಮ್ಮತ್ರ ಇದ್ಯಾ?" ಎಂದು ಬಿಂದು ಕೇಳಿದಾಗ ವೇದಾವತಿ ಇಲ್ಲವೆಂದಳು. ದನಗಳ ನಡುವೆ ಹರೆಯದ ಅಪ್ಪ ನಿಂತಿದ್ದ ಚಿತ್ರ ಅವಳ ಸೂಟ್‌ಕೇಸಿನಲ್ಲಿತ್ತು. ಸುಳ್ಳು ಹೇಳಿದೆನೆಂದು ನಾಚಿಕೆಯೇನೂ ಆಗಲಿಲ್ಲ. ಇದೊಂದಾದರೂ ನನ್ನ ಪಾಲಿಗಿರಲಿ ಅನ್ನಿಸಿತು.

ಫೆಬ್ರವರಿಯ ಒಂದು ಶನಿವಾರ ಬೆಳಗ್ಗೆ ಜೂಮ್‌ನಲ್ಲಿ ಬಿಂದುವಿನ ಉಪನ್ಯಾಸ. ವೇದಾವತಿ ತನ್ನ ಕೋಣೆಯಲ್ಲೇ ಕ್ಯಾಮೆರಾ ಮುಚ್ಚಿ ಕೂತಳು. ಎಲ್ಲಾದರೂ ಒಂದು ತಪ್ಪು ಮಾಡಲಿ ಎಂದು ಕಾದಳು. ಬಿಂದು ಪರದೆಯ ಮೇಲೆ ಒಂದು ನಕ್ಷೆ ತೆರೆದಳು. ಅಪ್ಪ ಬಾಯಲ್ಲಿ ಹೇಳಿ ಬರೆಸಿದ ಕಾವಲು. ಹನ್ನೊಂದು ನೀರಿನ ಹೊಂಡಗಳ ಹೆಸರುಗಳಿದ್ದವು. ವೇದಾವತಿಗೆ ಗೊತ್ತಿದ್ದದ್ದು ಎರಡು.

ಆಮೇಲೆ ಬಿಂದು ಒಂದು ಮರದ ಗುರುತು ತೋರಿಸಿದಳು. ದನಗಾಹಿ ಗಂಡನಿಗೆ ಬುತ್ತಿ ತಂದ ಹೆಂಗಸೊಬ್ಬಳು ಇದರ ಬುಡದಲ್ಲೇ ಹೆತ್ತಳು, ಈಗಲ್ಲಿ ಗುರಿ ಹೊಡೆಯುವ ದಿಬ್ಬವಿದೆ ಎಂದಳು. ಆ ಮಗು ಇವತ್ತು ಡಬ್ಲಿನ್ನಿನಲ್ಲಿ ನರ್ಸು ಎಂದೂ ಸೇರಿಸಿದಳು.

ವೇದಾವತಿ ಇಯರ್‌ಫೋನ್ ಕಿತ್ತಳು. ತಾನು ಹುಟ್ಟಿದ್ದು ತಾಲ್ಲೂಕು ಆಸ್ಪತ್ರೆಯಲ್ಲಿ ಎಂದೇ ಅವಳು ನಂಬಿದ್ದಳು.

ಬಿಂದು ಮುಖವರಳಿಸಿಕೊಂಡು ಅಡುಗೆಮನೆಗೆ ಬಂದಳು. "ಹೇಗಿತ್ತಕ್ಕಾ?"

"ನಾನು ಹುಟ್ಟಿದ ಜಾಗ ನನಗಿಂತ ಮೊದ್ಲು ನಿನಗೆ ಗೊತ್ತಾಯ್ತು, ಅಲ್ವಾ?"

ಬಿಂದುವಿನ ಮುಖ ಬಾಡಿತು. "ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ. ನಿಜವಾಗ್ಲೂ."

"ನಿನಗ್ಯಾಕೆ ಹೇಳಿದ್ರು?"

"ನಾನು ಕೇಳ್ದೆ, ಹೇಳಿದ್ರು." ಬಿಂದು ಮೆಲ್ಲಗೆ ಮುಂದುವರಿಸಿದಳು, "ಕಾವಲಿನ ಮಾತು ತೆಗೆದ್ರೆ ವೇದ ಎದ್ದು ಹೋಗ್ತಿದ್ಲು, ಓದೋ ಹುಡುಗಿ ಅಂತ ನಾನೂ ಸುಮ್ನಾದೆ, ಅಂದ್ರು ಅಪ್ಪಾಜಿ."

ಅದು ಸುಳ್ಳಲ್ಲ. ಹಾಸ್ಟೆಲಿನಿಂದ ಊರಿಗೆ ಬಂದಾಗ ಅಪ್ಪನ ಕಂಬಳಿಯ ಸಗಣಿ ವಾಸನೆಗೆ ಅವಳು ಮೂಗು ಮುಚ್ಚುತ್ತಿದ್ದಳು. ಅಪ್ಪ ಕಂಬಳಿಯನ್ನು ಹೊರಗೆ ಬಿಟ್ಟು ಒಳಗೆ ಬರುತ್ತಿದ್ದ.

ವೇದಾವತಿ ಫೋನ್ ಹಿಡಿದು ಮೆಟ್ಟಿಲ ಬಳಿ ಹೋದಳು. ಊರಿನಲ್ಲಿ ಆಗ ಸಂಜೆ.

"ಅಪ್ಪಾ, ನಾನು ಹುಟ್ಟಿದ್ದೆಲ್ಲಿ?"

"ಆ ಹುಡುಗಿ ಹೇಳಿದ್ಲಾ?"

"ಅವಳು ಹೇಳಿದ್ದು ಬ್ಯಾಡ. ನೀನು ಹೇಳು."

"ಡ್ಯೂಟಿಗೆ ಹೊತ್ತಾಗಕಿಲ್ವಾ?"

"ಇವತ್ತು ರಜ."

ಅಪ್ಪ ಎದ್ದು ನಡೆದ ಹಾಗಿತ್ತು. ಮನೆಮಂದಿಯ ಗದ್ದಲ ನಿಧಾನವಾಗಿ ಹಿಂದೆ ಸರಿಯಿತು. ಬಾಗಿಲು ಮುಂದೆ ಮಾಡಿದ ಸದ್ದು ಬಂತು.

"ನಿಂತಿದೀಯೋ, ಕುಂತಿದೀಯೋ?" ಎಂದ.

ಅವಳು ಕೆಳಗಿನ ಮೆಟ್ಟಿಲ ಮೇಲೆ ಕೂತು, ಮಂಡಿಯನ್ನು ಎದೆಗೊತ್ತಿಕೊಂಡಳು.