ಹುಲ್ಲಿನ ಮೆದೆ ಕೆಳಗಿದ್ದ ಗುಂಡಿ

ಚಿಕ್ಕಬೋರಯ್ಯನ ಹಿತ್ತಲಲ್ಲಿ ಕಕ್ಕಸು ಇದೆ. ಅದರ ಬಾಗಿಲಿಗೆ ಬೀಗವೂ ಇತ್ತು. ಯುಗಾದಿ ಬರುವ ಹೊತ್ತಿಗೆ ಬೀಗ ಬಿದ್ದು ಎಂಟು ತಿಂಗಳಾಗಿತ್ತು.

ಒಂದು ದಿನ ಅವನು ಸುರಿದ ನೀರು ಬೇಸಿನ್ನಿನಲ್ಲೇ ನಿಂತಿತು. ಇನ್ನೊಂದು ಬಕೆಟ್ ಸುರಿದ, ಮೇಲಕ್ಕೇ ಬಂತು. ಆಸಿಡ್ ಹಾಕಿದ, ಬಿದಿರು ಗಳದಿಂದ ತಿವಿದ. ವಾಸನೆ ಅಡುಗೆಮನೆಗೂ ಬಂದಾಗ ಬೀಗ ಜಡಿದು, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ. ಮಂಡ್ಯದ ಕಡೆ ಶಿವಪುರ ದಾಟಿದರೆ ಸಿಗುವ ಆ ಊರಲ್ಲಿ ಗಂಡಸರಿಗೇನು, ಗದ್ದೆ ಬಯಲು ಬೇಕಾದಷ್ಟಿದೆ. ಕಷ್ಟವೆಲ್ಲ ಹೆಂಡತಿ ದೇವೀರಮ್ಮನಿಗೆ. ಅವಳಿಗೆ ಮಂಡಿ ನೋವು ಬೇರೆ.

"ಅಳಿಯಂಗೊಂದ್ ಫೋನ್ ಮಾಡ್ಬಾರ್ದಾ? ಮಳವಳ್ಳೀಲಿ ಎಲ್ರ ಮನೆ ಪೈಪೂ ಅವ್ನೇ ಸರಿ ಮಾಡ್ತಾನೆ" ಅಂದಳು ದೇವೀರಮ್ಮ.

ಅಳಿಯ ಸಿದ್ದೇಶ್ ಪ್ಲಂಬರ್. ಚಿಕ್ಕಬೋರಯ್ಯನ ಅಕ್ಕನ ಮಗ. ಮಗಳು ಅರುಂಧತಿಯ ಗಂಡ.

"ಬಾಯ್ಮುಚ್ಕೊಂಡಿರಮ್ಮಿ! ಕಾಲ್ ತೊಳ್ದು ಎಣ್ಣು ಕೊಟ್ಟಿವ್ನಿ. ಆ ಅಳೀನ ಕೈಲಿ ಕಕ್ಕಸು ಮುಟ್ಸಾದಾ? ಊರೋರು ಏನಂದಾರು?"

"ಅಂಗಾರೆ ಬ್ಯಾರೆ ಯಾರ್ನಾರ ಕರ್ಸು."

"ಅಳಿಯ ಪ್ಲಂಬರ್ ಆಗಿದ್ದೂ ಬ್ಯಾರೇರ್ನ ಕರ್ಸಿದ್ರೆ ಅವ್ನಿಗೆ ಅವಮಾನ ಅಲ್ವಾ? ಅರುಂಧತಿಗೇನಾರ ಯೋಳ್ದೆ ಅಂದ್ರೆ ನನ್ನಾಣೆ!"

ಅತ್ತ ದರಿ ಇತ್ತ ಪುಲಿ ಅನ್ನುತ್ತಾರೆ. ಇಲ್ಲಿ ಎರಡನ್ನೂ ತಂದು ನಿಲ್ಲಿಸಿದವನು ಇವನೇ.

ಅಲ್ಲಿಂದಾಚೆ ದೇವೀರಮ್ಮ ಹೊತ್ತು ಹುಟ್ಟುವ ಮುಂಚೆ ಒಂದು ಸಲ, ಹೊತ್ತು ಮುಳುಗಿದ ಮೇಲೆ ಒಂದು ಸಲ ಮಂಡಿ ಹಿಡಿದುಕೊಂಡು ನಾಲೆ ಏರಿಗೆ ಹೋಗುತ್ತಿದ್ದಳು. ಹಗಲೆಲ್ಲ ತಡೆದುಕೊಳ್ಳಬೇಕು. ನೀರು ಕುಡಿದರೆ ತಾನೆ ಆ ಪಾಡು? ಕುಡಿಯುವುದನ್ನೇ ಬಿಟ್ಟಳು. ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆಯುವಾಗ ಪಕ್ಕದ ಮನೆ ಮಾಯಮ್ಮ ಚೊಂಬು ಚಾಚಿದರೆ, "ದಾಹ ಇಲ್ಲ ಕಣವ್ವ" ಅನ್ನುತ್ತಿದ್ದಳು. ತುಟಿ ಒಡೆದಿರುತ್ತಿತ್ತು. ಚಿಕ್ಕಬೋರಯ್ಯ ಅದನ್ನು ನೋಡಿದ, ಒಂದಲ್ಲ ಹತ್ತು ಸಲ. ನೋಡಿಯೂ ಸುಮ್ಮನಿದ್ದ.

ಯುಗಾದಿಗೆ ಮಗಳು ಅಳಿಯ ಬಂದರು. ಪ್ರತಿ ಯುಗಾದಿಗೂ ಎರಡು ದಿನ ಇರಿ ಅಂತ ಕೈ ಹಿಡಿದು ಜಗ್ಗುತ್ತಿದ್ದ ಮಾವ, ಈ ಸಲ ಒಬ್ಬಟ್ಟು ಕೈಯಲ್ಲಿರುವಾಗಲೇ "ಮೂರ್ ಗಂಟೆ ಬಸ್ಗೆ ಓಗ್ಬುಡಿ, ಆಮ್ಯಾಕೆ ರಸ್ ಆಯ್ತದೆ" ಅಂದ. ಅರುಂಧತಿ ಮುಖ ಸಣ್ಣದು ಮಾಡಿಕೊಂಡು ಬಸ್ಸು ಹತ್ತಿದಳು.

ಹಬ್ಬ ಕಳೆದ ವಾರಕ್ಕೆ ದೇವೀರಮ್ಮನಿಗೆ ಉರಿಮೂತ್ರ ಶುರುವಾಯಿತು. ಗಂಡನಿಗೆ ಹೇಳಿದಳು. "ಉಷ್ಣ ಕಣಮ್ಮಿ, ಎಳ್ನೀರ್ ಕುಡಿ" ಅಂತ ಎಳನೀರು ಕೊಚ್ಚಿಕೊಟ್ಟ. ಅವಳು ಎರಡು ಗುಟುಕು ಕುಡಿದು ಪಕ್ಕಕ್ಕಿಟ್ಟಳು. ಒಂದು ಬೆಳಗ್ಗೆ ನಾಲೆ ಏರಿ ಮೇಲೆ ಗಡಗಡ ನಡುಗುತ್ತಾ, ವಾಂತಿ ಮಾಡಿಕೊಂಡು ಬಿದ್ದಿದ್ದವಳನ್ನು ಮಾಯಮ್ಮ ಎತ್ತಿಕೊಂಡು ಬಂದಳು.

ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು: "ದಿನಕ್ಕೆ ಎಷ್ಟು ನೀರು ಕುಡೀತೀರಮ್ಮ?"

ದೇವೀರಮ್ಮ ಗಂಡನ ಮುಖ ನೋಡಿದಳು. ಆಣೆ ನೆನಪಾಗಿ ಸುಮ್ಮನಾದಳು. ಮಾಯಮ್ಮನಿಗೆ ಯಾರ ಆಣೆಯೂ ಇರಲಿಲ್ಲ. ಸುದ್ದಿ ತಿಳಿದು ಓಡಿಬಂದಿದ್ದ ಮಗಳು ಅಳಿಯನ ಎದುರಲ್ಲೇ ಎಲ್ಲವನ್ನೂ ಹೇಳಿಬಿಟ್ಟಳು.

"ಸೋಂಕು ಕಿಡ್ನಿಗೆ ಏರಿದೆ. ತುಂಬಾ ತಡ ಮಾಡಿದ್ದೀರಿ" ಅಂದರು ಡಾಕ್ಟರಮ್ಮ.

ಸಿದ್ದೇಶ್ ಬೈಯಲಿಲ್ಲ. ಬೈದಿದ್ದರೇ ಚಿಕ್ಕಬೋರಯ್ಯನಿಗೆ ಹಗುರಾಗುತ್ತಿತ್ತು. ಅವನು ಕೈ ಚಾಚಿ, "ಬೀಗದ್ ಕೈ ಕೊಡು ಮಾವ" ಅಂದ.

ಮಾರನೇ ದಿನ ಬೆಳಗ್ಗೆ ಸಿದ್ದೇಶ್ ಕೈಗೆ ಗವಸು ಹಾಕಿಕೊಂಡು, ಕಕ್ಕಸಿನ ಹಿಂದಿದ್ದ ಸಣ್ಣ ಚೇಂಬರಿನ ಕಲ್ಲು ಎತ್ತಿದ. ಅಲ್ಲಿಂದ ಎರಡು ಪೈಪು ಕವಲಾಗಿದ್ದವು. ಒಂದರ ಬಾಯಿಗೆ ಇಟ್ಟಿಗೆ ಅಡ್ಡ ಇತ್ತು.

"ಎರಡ್ನೇ ಗುಂಡಿ ಎಲ್ ಮಾವ?"

"ಎರಡ್ನೇದಾ?"

ಸಿದ್ದೇಶ್ ಪೈಪಿನ ದಾರಿ ಹಿಡಿದು ನೋಡಿದ. ಅದು ಹುಲ್ಲಿನ ಮೆದೆಯ ಕೆಳಗೆ ಹೋಗಿತ್ತು. ಆಗ ಚಿಕ್ಕಬೋರಯ್ಯನಿಗೆ ನೆನಪಾಯಿತು: ಒಂಬತ್ತು ವರ್ಷದ ಹಿಂದೆ ಕಟ್ಟುವಾಗ, ಒಂದು ಗುಂಡಿ ತುಂಬಿದರೆ ಇನ್ನೊಂದಕ್ಕೆ ತಿರುಗಿಸು ಅಂತ ಮೇಸ್ತ್ರಿ ಏನೋ ಹೇಳಿದ್ದ, ಇವನು ಹೂಂ ಅಂದಿದ್ದ. ಚಪ್ಪಡಿ ಸಮವಾಗಿದೆ ಅಂತ ಮೆದೆ ಒಟ್ಟಿದ್ದ. ಚಿಕ್ಕಬೋರಯ್ಯ ಯಾರನ್ನೂ ಹತ್ತಿರ ಬಿಡದೆ ತಾನೇ ಮೆದೆ ಕಿತ್ತ. ಚಪ್ಪಡಿ ಸರಿಸಿದರೆ ಒಂದು ಹನಿಯೂ ಬೀಳದ ಒಣಗುಂಡಿ.

ಸಿದ್ದೇಶ್, ಕಸ ಕಟ್ಟಿಕೊಂಡಿದ್ದ ಪೈಪನ್ನು ಬಿಡಿಸಿ, ಇಟ್ಟಿಗೆಯನ್ನು ಒಣಗುಂಡಿಯ ಪೈಪಿನ ಬಾಯಿಂದ ತೆಗೆದು ತುಂಬಿದ ಗುಂಡಿಯ ಪೈಪಿನ ಬಾಯಿಗೆ ಇಟ್ಟು ಮಣ್ಣು ಮೆತ್ತಿದ. ನೀರು ಸುರಿದ. ಸರ್ರನೆ ಹೋಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದಿತ್ತು.

"ಇಷ್ಟೇನಾ?" ಚಿಕ್ಕಬೋರಯ್ಯ ಬೇಸಿನ್ನಿಗೆ ಬಗ್ಗಿ ನೋಡಿದ.

"ಇಷ್ಟೇ ಮಾವ. ನೀರ್ ನಿಧಾನಕ್ಕೆ ಇಳ್ಯಾಕೆ ಶುರುವಾದಾಗ್ಲೇ ಕರೀಬೇಕಿತ್ತು."

ಬೇಲಿ ಆಚೆಯಿಂದ ಮಾಯಮ್ಮ ಕೇಳಿದಳು: "ತುಂಬಿರೋ ಗುಂಡಿ ಗತಿ ಏನಪ್ಪ? ಯಾರ್ನಾರ ಇಳ್ಸಿ ಬಾಚುಸ್ಬೇಕಾ?"

"ಅಯ್ಯೋ, ಯಾರ್ನೂ ಇಳಿಸ್ಬ್ಯಾಡ ಕಣತ್ತೆ! ಒಳ್ಗೆ ಇಸದ ಗಾಳಿ ಇರ್ತದೆ, ಜೀವ ಓಯ್ತದೆ. ಇಳ್ಸದು ಕಾನೂನ್ಗೂ ತಪ್ಪು. ಮುಚ್ಚಿ ಎರಡ್ ವರ್ಸ ಬುಡು, ಗೊಬ್ರ ಆಯ್ತದೆ. ಒಂದೇ ಗುಂಡಿ ಇರೋರು ಮಿಷಿನ್ ಗಾಡಿ ಕರ್ಸಿ ಪೈಪಲ್ಲಿ ಈರುಸ್ಬೇಕು."

"ನಾನು ಸುಕ್ರವಾರ ಸುಕ್ರವಾರ, ಚೊಕ್ಕಟ ಇದ್ರೆ ಲಕ್ಷ್ಮಿ ಬತ್ತಾಳೆ ಅಂತ ಬಾಟ್ಲಿಗಟ್ಲೆ ಆಸಿಡ್ ಉಯ್ತಿದ್ದೆ" ಅಂದ ಚಿಕ್ಕಬೋರಯ್ಯ.

"ಗುಂಡೀಲಿ ಕೊಳ್ಸೋ ಉಳ ಇರ್ತವೆ ಮಾವ. ಆಸಿಡ್ ಅವನ್ನ ಸಾಯ್ಸ್ತದೆ, ಗುಂಡಿ ಬ್ಯಾಗ ತುಂಬ್ತದೆ. ಬ್ರಷ್ಷು, ಒಂಚೂರ್ ಸೋಪಿನ್ ಪುಡಿ ಸಾಕು. ಬಟ್ಟೆ, ಪ್ಯಾಡು, ಕವರ್ರು ಏನೂ ಆಕ್ಬ್ಯಾಡಿ."

ಚಿಕ್ಕಬೋರಯ್ಯ ಅಳಿಯನ ಕೈಗೆ ನೀರು ಹಾಕುತ್ತಾ ತಲೆ ಬಗ್ಗಿಸಿದ್ದ. "ನಿಂಗ್ ಅವಮಾನ ಆಯ್ತದೆ ಅಂದ್ಕಂಡೆ ಕಣ್ಲಾ ಸಿದ್ದ."

"ನಾನ್ ದಿನಾ ಮಾಡೋ ಕೆಲ್ಸ ಮಾವ ಇದು. ಇದ್ರಲ್ಲೇ ನಿನ್ ಮಗ್ಳು ಉಣ್ತಾವ್ಳೆ. ಅತ್ತೆ ಇಂಗೆ ಆಸ್ಪತ್ರೇಲಿ ಮಲಗೋದಕ್ಕಿಂತ ಅವಮಾನ ಯಾವ್ದದೆ?"

ಮೂರು ವಾರಕ್ಕೆ ದೇವೀರಮ್ಮ ಮನೆಗೆ ಬಂದಳು. ಜೊತೆಗೆ ಡಾಕ್ಟರಮ್ಮನ ಒಂದು ಚೀಟಿ ಬಂತು. ಕಿಡ್ನಿ ಸೋತಿದೆ, ಕುಡಿದ ನೀರು ಹೊರಗೆ ಹೋಗದೆ ಮೈಯಲ್ಲೇ ನಿಲ್ಲುತ್ತದೆ. ಆದ್ದರಿಂದ ಇನ್ನು ಮೇಲೆ ದಿನಕ್ಕೆ ನಾಲ್ಕೇ ಲೋಟ ನೀರು. ಅಳೆದು ಕೊಡುವ ಕೆಲಸ ಚಿಕ್ಕಬೋರಯ್ಯನದು.

ಸುಡುಬಿಸಿಲ ಒಂದು ಮಧ್ಯಾಹ್ನ ಅವಳು ಲೋಟ ಬರಿದು ಮಾಡಿ ಮತ್ತೆ ಚಾಚಿದಳು.

"ಇನ್ನೊಂಚೂರ್ ಕೊಡು. ಈಗ ಕಕ್ಕಸ್ ಸರಿ ಆಯ್ತಲ್ಲ."

ಅವನು ಚೊಂಬು ಹಿಡಿದು ನಿಂತ. ಹಾಕುವ ಹಾಗಿಲ್ಲ. ಹಿತ್ತಲ ಕಡೆ ತಿರುಗಿ ನಿಂತು ಮಗುವಿನ ಹಾಗೆ ಅತ್ತ. ಅವತ್ತೇ ಆ ಬೀಗವನ್ನು ನಾಲೆಗೆ ಎಸೆದು ಬಂದ. ಈಗ ಊರಲ್ಲಿ ಯಾರ ಕಕ್ಕಸಿನ ಬಾಗಿಲಿಗೆ ಬೀಗ ಬಿದ್ದದ್ದು ಕಂಡರೂ ನಿಂತು ಕೇಳುತ್ತಾನೆ: "ಯಾಕ್ ಬೀಗ ಆಕಿದ್ದೀರಿ? ನಮ್ ಸಿದ್ದನ್ ನಂಬರ್ ಕೊಡ್ಲಾ?"

ಇದನ್ನು ಓದುತ್ತಿರುವ ಅಣ್ಣ, ಅಕ್ಕ, ಈಗಲೇ ಎದ್ದು ನಿಮ್ಮ ಕಕ್ಕಸಿಗೆ ಒಂದು ಬಕೆಟ್ ನೀರು ಸುರಿದು ನೋಡಿ. ನಿಧಾನಕ್ಕೆ ಇಳಿದರೆ, ಗುಳುಗುಳು ಸದ್ದು ಬಂದರೆ, ನಾಳೆ ಅನ್ನಬೇಡಿ, ಹತ್ತಿರದ ಪ್ಲಂಬರನ್ನು ಕರೆಯಿರಿ. ಎರಡನೇ ಗುಂಡಿ ಇದ್ದರೆ ಅದು ಎಲ್ಲಿದೆ ಅಂತ ಮನೆಯವರಿಗೆಲ್ಲ ತೋರಿಸಿಡಿ. ಆಮೇಲೆ ನಿಮ್ಮ ಮನೆಯ ಹೆಂಗಸರನ್ನು ಒಂದು ಮಾತು ಕೇಳಿ, ಇವತ್ತು ಎಷ್ಟು ನೀರು ಕುಡಿದಿರಿ ಅಂತ. ಉತ್ತರ ಹೇಳದೆ ನಿಮ್ಮ ಮುಖ ನೋಡಿದರೆ, ಕಾರಣ ಕೇಳಿ ಸರಿ ಮಾಡಿ, ತಡ ಮಾಡಬೇಡಿ.