ಒಂದೇ ಹೆಸರಿನ ಎರಡು ಮನೆ

ಡಾಕ್ಟರ್ ಗುರುನಾಥ ಹುಮನಾಬಾದಿನವರು. ಮೂವತ್ತು ವರ್ಷ ಮಕ್ಕಳ ಹೃದಯ ನೋಡಿದವರು. ಹೃದಯದ ದೋಷ ಒಂದು ಮನೆತನದ ರಕ್ತದಲ್ಲಿ ಹೇಗೆ ಇಳಿದು ಬರುತ್ತದೆ ಎಂದು ಆ ಮೂವತ್ತರಲ್ಲಿ ಹದಿನೆಂಟು ವರ್ಷ ಹುಡುಕಿದವರು. ದೂರದ ದೊಡ್ಡ ಆಸ್ಪತ್ರೆಯಲ್ಲಿದ್ದರೂ ತಿಂಗಳಿಗೊಂದು ಭಾನುವಾರ ಬಸವಕಲ್ಯಾಣಕ್ಕೆ ಬರುವುದನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಬಂದು ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು.

ಆ ಭಾನುವಾರ ದುಬಲಗುಂಡಿಯ ಸೂರ್ಯಕಾಂತ ಎಂಟು ವರ್ಷದ ಮಗಳು ಪೂನಂಳನ್ನು ಕರೆತಂದಿದ್ದ. ಜೊತೆಗೆ ಅವನ ತಾಯಿ ಮೀರಾಬಾಯಿ. ಶಾಲೆಯಲ್ಲಿ ಓಡುವಾಗ ಹುಡುಗಿ ಎರಡು ಸಲ ಎಚ್ಚರ ತಪ್ಪಿ ಬಿದ್ದಿದ್ದಳು. ಇಸಿಜಿಯ ಗೆರೆ ನೋಡಿದರೆ ದೋಷವಿದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. ರಕ್ತದ ಪರೀಕ್ಷೆಗೆ ಎರಡು ತಿಂಗಳು ಬೇಕು. ಮನೆತನದಲ್ಲಿ ಹಿಂದೆ ಯಾವ ಮಗುವಾದರೂ ಇದ್ದಕ್ಕಿದ್ದಂತೆ ಹೋಗಿದ್ದರೆ ಇಂದೇ ಗುಳಿಗೆ ಶುರುಮಾಡಬೇಕು. ಅದು ತಿಳಿಯದೆ ಹಾಗೇ ಕಳಿಸಿದರೆ, ಮೂರನೆಯ ಸಲ ಬಿದ್ದ ಮಗು ಏಳದೇ ಹೋಗಬಹುದು.

ಡಾಕ್ಟರು ಕಾಗದ ತೆಗೆದು ವಂಶದ ಪಟ ಬರೆಯತೊಡಗಿದರು. ಹೆಣ್ಣಿಗೆ ದುಂಡು, ಗಂಡಿಗೆ ಚೌಕ.

"ನಿಮಗ ಮಕ್ಕಳೆಷ್ಟು ಅವ್ವ?"

"ಎದಿ ನೋಡೋ ಡಾಕ್ಟರ ಅಂತ ಬಂದೇವ್ರಿ. ನೀವು ಹೆಣ್ಣು ನೋಡಾಕ ಬಂದವರಂಗ ಖಾಂದಾನ ಕೇಳಾಕತ್ತೀರಿ," ಎಂದಳು ಮೀರಾಬಾಯಿ. "ಮೂರ ಮಂದಿ. ದತ್ತು, ಉಜ್ವಲಾ, ಈ ಸೂರ್ಯಕಾಂತ."

"ಸಣ್ಣವರಿದ್ದಾಗ ಹೋದವರು ಯಾರರೆ?"

"ಯಾರೂ ಇಲ್ರಿ."

"ಇಲ್ರಿ ಸಾಹೇಬ್ರ," ಎಂದು ಸೂರ್ಯಕಾಂತನೂ ಹೇಳಿದ. ಅವನಿಗೆ ಗೊತ್ತಿದ್ದದ್ದೇ ಅಷ್ಟು.

ಡಾಕ್ಟರು ಕಾಗದ ಮಡಚಬೇಕೆಂದಿದ್ದರು. ಆಗ ಸೂರ್ಯಕಾಂತ ಮುಖ ತಿರುಗಿಸಿದ. ಕಿಟಕಿಯ ಬೆಳಕಿನಲ್ಲಿ ಅವನ ಬಲಮೂಗಿನ ಮೇಲೆ ಒಂದು ಹಳೆಯ ತೂತಿನ ಗುರುತು ಕಂಡಿತು. ಡಾಕ್ಟರ ಬೆರಳು ತಾನಾಗಿ ತಮ್ಮದೇ ಮೂಗಿಗೆ ಹೋಯಿತು. ಅಲ್ಲಿಯೂ ಅಂಥದೇ ಗುರುತು. ಒಬ್ಬ ಮಗನನ್ನು ಕಳೆದುಕೊಂಡ ತಾಯಂದಿರು ಮುಂದೆ ಹುಟ್ಟಿದ ಗಂಡುಮಗುವಿನ ಮೂಗು ಚುಚ್ಚಿಸುತ್ತಾರೆ. ಹೋದವನ ಹೆಸರನ್ನೇ ಇಡುತ್ತಾರೆ. ಗುರುನಾಥ ಎಂಬ ಹೆಸರೂ ಮೊದಲು ಅವರ ಅಣ್ಣನದಾಗಿತ್ತು.

ಅವರು ಪೆನ್ನು ಕೆಳಗಿಟ್ಟು ಮೆಲ್ಲಗೆ ಕೇಳಿದರು: "ಅವ್ವಾ, ಈ ಸೂರ್ಯಕಾಂತ ಹೋಗಿ ಬಂದಾಂವ ಏನು?"

ಮೀರಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಹೌದ್ರಿ," ಎಂದಳು. "ಸುಳ್ಳು ಹೇಳಿಲ್ರಿ. ಇಬ್ಬರಲ್ಲ, ಒಬ್ಬನ. ಹೋದಾಂವನ ತಿರುಗಿ ಬಂದಾನ."

"ಖರೇ. ಹೋಗಿದ್ದು ಹ್ಯಾಂಗ?"

"ಒಂಬತ್ತು ವರ್ಷದಾಂವ. ಬಾವ್ಯಾಗ ಈಸಾಕ ಜಿಗಿದ. ಮುಳುಗಿದ ಅಂದರು ಮಂದಿ. ಮೀನಿನಂಗ ಈಸ್ತಿದ್ದ ನನ್ನ ಕೂಸು. ಮುಳುಗೋ ಪೋರ ಅಲ್ರಿ ಅಂವ. ನನ್ನ ಮಾತು ಯಾರೂ ಕೇಳಲಿಲ್ಲ."

"ನಾ ಕೇಳಾಕತ್ತೇನಿ," ಎಂದರು ಡಾಕ್ಟರು. "ನೀವು ಹೇಳಿದ್ದ ಖರೇ. ಅಂವ ಮುಳುಗಿರಲಿಕ್ಕಿಲ್ಲ. ಜಿಗಿದಾಗ ಎದಿ ಬಡಿತ ತಪ್ಪಿರಬೇಕು. ಇವಳಿಗೆ ಓಡುವಾಗ ಆಗೋದೂ ಅದ."

ಸೂರ್ಯಕಾಂತ ತಾಯಿಯನ್ನೇ ನೋಡುತ್ತಿದ್ದ. "ನನಗೊಬ್ಬ ಅಣ್ಣ ಇದ್ದನೇನವ್ವ?"

"ನಿನಗ ಹ್ಯಾಂಗ ಹೇಳಲೋ? ದತ್ತು, ಉಜ್ವಲಾಗೂ ಹೇಳಗೊಡಲಿಲ್ಲ. ಅವನೇ ನೀ ಅಂತ ತಿಳಿದು ಉಣಿಸೀನಿ."

ಅವನು ತಾಯಿಯ ಕೈ ಹಿಡಿದುಕೊಂಡು ಕೂತ. ಪೂನಂಗೆ ಅಂದೇ ಗುಳಿಗೆ ಬರೆದದ್ದಾಯಿತು. ಓಟ, ಈಜು ಬಂದ್. ಸೂರ್ಯಕಾಂತನ ಇಸಿಜಿಯೂ ಆಯಿತು, ಎಲ್ಲರ ರಕ್ತವನ್ನೂ ತೆಗೆದುಕೊಂಡರು.

ಏಳುವ ಮೊದಲು ಮೀರಾಬಾಯಿ ಕಾಗದದ ಮೇಲೆ ಬಾಗಿ ಕೇಳಿದಳು: "ಎಲ್ಲಾರಿಗೂ ಒಂದೊಂದು ಮನಿ ಹಾಕೀರಿ. ಅವಗೂ ಒಂದು ಹಾಕ್ರಿ."

ಡಾಕ್ಟರು ಸೂರ್ಯಕಾಂತನ ಪಕ್ಕದಲ್ಲಿ ಇನ್ನೊಂದು ಚೌಕ ಬರೆದು ಅದೇ ಹೆಸರು ಬರೆದರು. ಸತ್ತವರಿಗೆ ಎಳೆಯುವ ಅಡ್ಡಗೆರೆಯನ್ನು ಅವಳೆದುರಿಗೆ ಎಳೆಯಲಿಲ್ಲ.

"ಆಯಿ, ಅಪ್ಪ ಎರಡು ಕಡೆ ಇದ್ದಾನ," ಎಂದು ಪೂನಂ ಬೆರಳಿಟ್ಟು ತೋರಿಸಿದಳು.

"ಇರಲಿ ಬಿಡು. ನಿನ್ನ ಗುಳಿಗಿ ನಾನ ಕೊಡ್ತೀನಿ, ದಿನಾ ಪೂಜಿ ಆದ ಕೂಡಲೇ," ಎಂದಳು ಅಜ್ಜಿ.

ಸಂಜೆ ಹಿಂದಿರುಗುವಾಗ ಹುಮನಾಬಾದಿನಲ್ಲಿ ಚಹಾಕ್ಕೆ ಕಾರು ನಿಂತಿತು. ಗುರುನಾಥರು ಕಾಗದ ತೆಗೆದು ತಮ್ಮ ಮನೆತನದ ಪಟ ಬರೆದರು. ತಮ್ಮ ಚೌಕದ ಪಕ್ಕ ಇನ್ನೊಂದು ಚೌಕ ಹಾಕಿ ಗುರುನಾಥ ಎಂದು ಬರೆದರು. ಹೋದಾಗ ಅಣ್ಣನಿಗೆ ಎಷ್ಟು ವಯಸ್ಸು, ಏನಾಗಿತ್ತು, ಗೊತ್ತಿರಲಿಲ್ಲ. ಊರವರೆಲ್ಲರ ತಾಯಂದಿರನ್ನು ಕೇಳಿದ್ದರು, ತಮ್ಮ ತಾಯಿಯನ್ನು ಕೇಳಿರಲಿಲ್ಲ. ತಾಯಿ ಹೋದ ವರ್ಷ ಲಿಂಗೈಕ್ಯರಾಗಿದ್ದರು.